ಆರು ಸ್ಥಿತಿಗಳ ಯಂತ್ರವನ್ನು ತೋರಿಸಿಕೊಟ್ಟವರಿಗೆ

ಕಳೆದ ಶುಕ್ರವಾರ ಬೆಳಗಾವಿಯಲ್ಲಿ ನನ್ನ ಪಿಎಚ್‌.ಡಿ. ಮೌಖಿಕ ಪರೀಕ್ಷೆ ಮುಗಿಯಿತು. ಬಾಗಲಕೋಟೆಯ ಕಾಲೇಜೊಂದರಲ್ಲಿ ಪಾಠ ಹೇಳುತ್ತಲೇ ಏಳು ವರ್ಷ ಮಾಡಿದ ಕೆಲಸವಿದು. ಇದಕ್ಕೆ ನೆರವಾದವರನ್ನು ಪ್ರಬಂಧದ ಮೊದಲ ಪುಟಗಳಲ್ಲಿ ಇಂಗ್ಲಿಷಿನಲ್ಲಿ ನೆನೆದದ್ದಾಗಿದೆ. ಆದರೆ ಅವರಲ್ಲಿ ಹಲವರು ಆ ಪುಟವನ್ನು ಓದುವವರಲ್ಲ, ಓದಿದವರಿಗೂ ನಾನು ಯಾವ ಉಪಕಾರವನ್ನು ನೆನೆಯುತ್ತಿದ್ದೇನೆ ಎಂಬುದು ಅದರಿಂದ ತಿಳಿಯುವುದಿಲ್ಲ. ಆದ್ದರಿಂದ ವಿಷಯವನ್ನೂ ಸೇರಿಸಿ ಕನ್ನಡದಲ್ಲಿ ಮತ್ತೊಮ್ಮೆ ಬರೆಯುತ್ತಿದ್ದೇನೆ.

ತರಗತಿಯಲ್ಲಿ ನಾವು ಫಾರ್ಮಲ್ ಲ್ಯಾಂಗ್ವೇಜಸ್ ಮತ್ತು ಆಟೊಮೇಟಾ ಎಂದು ಕಲಿಸುವುದೇ ನನ್ನ ಕ್ಷೇತ್ರ. ಇಲ್ಲಿ ಭಾಷೆಯೆಂದರೆ ಕೆಲವೇ ಅಕ್ಷರಗಳಿಂದ ಕಟ್ಟಿದ ಪದಗಳ ಗಣ. ಯಂತ್ರವೆಂದರೆ ಎಣಿಕೆಗೆ ಸಿಗುವಷ್ಟು ಸ್ಥಿತಿಗಳನ್ನು ಹೊಂದಿದ್ದು, ಒಂದೊಂದು ಅಕ್ಷರ ಓದಿದಾಗಲೂ ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ಸರಿಯುವ ಗಣಿತದ ಕಲ್ಪನೆ. ಅಂಥ ಯಂತ್ರ ಈಗ ಯಾವ ಸ್ಥಿತಿಯಲ್ಲಿದೆ ಎಂಬುದು ನಮಗೆ ಗೊತ್ತಿಲ್ಲವೆನ್ನಿ. ಎಲ್ಲಿದ್ದರೂ ಸರಿ, ಅದನ್ನು ಗೊತ್ತಾದ ಒಂದೇ ಸ್ಥಿತಿಗೆ ತಂದು ನಿಲ್ಲಿಸುವ ಪದ ಇದೆಯೇ, ಇದ್ದರೆ ಅದು ಎಷ್ಟು ಚಿಕ್ಕದಿರಬಹುದು ಎಂಬುದೇ ನಾನು ಹಿಡಿದ ಪ್ರಶ್ನೆ.

ಈ ಪ್ರಶ್ನೆಯನ್ನು ನನ್ನ ಮನಸ್ಸಿನಲ್ಲಿ ನೆಲೆಗೊಳಿಸಿದವಳು ಅವ್ವ. ಹಳೆಯ ಬಾಗಲಕೋಟೆಯ ನಮ್ಮ ಮನೆ ಆಲಮಟ್ಟಿಯ ಹಿನ್ನೀರಿಗೆ ಹೋಗಿ ನವನಗರದ ಸೆಕ್ಟರಿಗೆ ಬಂದ ಹೊಸದರಲ್ಲಿ ಅವಳು, "ಎಲ್ಲಾ ರಸ್ತೆ ಒಂದೇ ನಮೂನಿ ಕಾಣತಾವು, ನಾ ಎಲ್ಲಿ ನಿಂತೇನಿ ಅಂತನ ತಿಳಿವಲ್ದು" ಎಂದು ಸಂತೆಯಿಂದ ಬರುವಾಗೆಲ್ಲ ಹೇಳುತ್ತಿದ್ದಳು. ಯಾವ ಮೂಲೆಯಲ್ಲಿ ನಿಂತವರೂ ಒಂದೇ ಸಾಲಿನ ಎಡ-ಬಲಗಳನ್ನು ಅನುಸರಿಸಿ ಬಸ್ ನಿಲ್ದಾಣವನ್ನು ಸೇರುವಂತೆ ಮಾಡಬಹುದೇ ಎಂದು ನಾನು ಇಂದಿಗೂ ವಿದ್ಯಾರ್ಥಿಗಳನ್ನು ಕೇಳುವುದು ಅವಳ ಆ ಮಾತಿನಿಂದಲೇ.

1964ರಲ್ಲಿ ಯಾನ್ ಚೆರ್ನಿ ಎಂಬ ಸ್ಲೋವಾಕ್ ಗಣಿತಜ್ಞರು ಇಂಥ ಯಂತ್ರಗಳ ಒಂದು ಸಾಲನ್ನೇ ಕಟ್ಟಿದರು. ಅವುಗಳಲ್ಲಿ ಅತಿ ಚಿಕ್ಕ ಪದದ ಉದ್ದವು ಸ್ಥಿತಿಗಳ ಸಂಖ್ಯೆಯಿಂದ ಒಂದನ್ನು ಕಳೆದು ಉಳಿದದ್ದರ ವರ್ಗಕ್ಕೆ ಸಮ. ನಾಲ್ಕು ಸ್ಥಿತಿಗಳಿಗೆ ಅದು 9 ಅಕ್ಷರ: ಬಅಅಅಬಅಅಅಬ. ಇದಕ್ಕಿಂತ ಉದ್ದದ ಪದ ಯಾವ ಯಂತ್ರಕ್ಕೂ ಬೇಕಾಗದು ಎಂಬ ಊಹೆಯನ್ನು ಈವರೆಗೆ ಯಾರೂ ಸಾಧಿಸಿಲ್ಲ, ಸುಳ್ಳೆಂದೂ ತೋರಿಸಿಲ್ಲ. ಆರು ಸ್ಥಿತಿಗಳಿಗೆ ಊಹೆ ಹೇಳುವುದು 25. 1980ರ ದಶಕದಲ್ಲಿ ಫ್ರಾಂಕ್ಲ್ ಮತ್ತು ಪಿನ್ ಅವರ ಕೆಲಸದಿಂದ ದೊರೆತ ಸಾಮಾನ್ಯ ಮಿತಿ ಕೊಡುವುದು 35. ಸ್ಥಿತಿಗಳು ಹೆಚ್ಚಿದಂತೆ ಈ ಅಂತರ ಬಹಳ ಬೇಗ ಬೆಳೆಯುತ್ತದೆ, ಮತ್ತು 2018ರಿಂದೀಚೆಗೆ ಆ ಮಿತಿ ತಗ್ಗಿರುವುದು ಅತ್ಯಲ್ಪ.

ಊಹೆಯನ್ನು ಸಮೀಪಿಸುವ ಒಂದು ಸುಂದರ ದಾರಿಯೆಂದರೆ ಹಿಂದಿನಿಂದ ಬರುವುದು. ಒಂದು ಸ್ಥಿತಿಯನ್ನು ಹಿಡಿದು, ಅಲ್ಲಿಗೆ ಬಂದು ಸೇರುವ ಸ್ಥಿತಿಗಳ ಗಣವನ್ನು ಹಿಗ್ಗಿಸುತ್ತ ಹೋಗಿ, ಕೊನೆಗೆ ಎಲ್ಲವನ್ನೂ ಒಳಗೊಳ್ಳುವುದು. ಆರು ಸ್ಥಿತಿಗಳಲ್ಲಿ ಮೊದಲ ಹಿಗ್ಗುವಿಕೆಗೆ ಒಂದೇ ಅಕ್ಷರ ಸಾಕು; ಮುಂದಿನ ನಾಲ್ಕಕ್ಕೂ ತಲಾ ಆರು ಅಕ್ಷರ ಮೀರದಿದ್ದರೆ ಒಟ್ಟು 25, ಅಂದರೆ ಸರಿಯಾಗಿ ಚೆರ್ನಿಯ ಸಂಖ್ಯೆ. 1998ರಲ್ಲಿ ಡ್ಯುಬುಕ್ ಮತ್ತು 2003ರಲ್ಲಿ ಕಾರಿ ಯಂತ್ರಗಳ ಎರಡು ಕುಟುಂಬಗಳಿಗೆ ಊಹೆಯನ್ನು ಸಾಧಿಸಿದ್ದು ಇದೇ ದಾರಿಯಲ್ಲಿ. ನಾನು ಮೂರನೆಯ ಒಂದು ಕುಟುಂಬಕ್ಕೆ ಅದನ್ನೇ ಸಾಧಿಸಹೊರಟೆ.

ಆಗ ಅಂತಿಮ ವರ್ಷದಲ್ಲಿದ್ದ ನನ್ನ ವಿದ್ಯಾರ್ಥಿಯೊಬ್ಬ, ಯಾರೂ ಹೇಳದೆಯೇ, ಕಾಲೇಜಿನ ಲ್ಯಾಬಿನಲ್ಲಿ ರಾತ್ರಿಯೆಲ್ಲ ಪ್ರೋಗ್ರಾಮ್ ಓಡಿಸಿ, ಎರಡಕ್ಷರ, ಐದು ಸ್ಥಿತಿಗಳ 97,65,625 ಯಂತ್ರಗಳನ್ನೂ ಸೋಸಿದ. ಅವುಗಳಲ್ಲಿ ನನ್ನ ಕುಟುಂಬಕ್ಕೆ ಸೇರಿದ ಪ್ರತಿಯೊಂದರಲ್ಲೂ ಗಣ ಐದು ಅಕ್ಷರಗಳೊಳಗೆ ಹಿಗ್ಗಿತು. ಆ ಹುಡುಗನ ಶ್ರಮಕ್ಕೆ ನಾನು ಸದಾ ಋಣಿ. ಅದರಿಂದ ಬಂದ ಧೈರ್ಯದಲ್ಲಿ ನಾನು ಸಾಮಾನ್ಯ ಪ್ರಮೇಯವನ್ನು ಬರೆದು, ಅದರ ಮೇಲೆ ಎರಡು ಲೇಖನಗಳನ್ನೂ ಕಟ್ಟಿದೆ.

ನಾಲ್ಕನೆಯ ವರ್ಷ ಬೆಳಗಾವಿಯ ಸೆಮಿನಾರಿನಲ್ಲಿ ನನ್ನ ಮಾತು ಮುಗಿದ ಮೇಲೆ ನಿವೃತ್ತ ಪ್ರಾಧ್ಯಾಪಕರೊಬ್ಬರು ಮೆಲ್ಲಗೆ ಎದ್ದು ಬಂದು, ಬೋರ್ಡಿನ ಮೇಲೆ ಆರು ವೃತ್ತ ಬರೆದು, ಬಾಣಗಳನ್ನು ಎಳೆದು, "ಈ ನಾಲ್ಕರ ಗಣ ಆರು ಅಕ್ಷರದಾಗ ಹಿಗ್ಗೂದಿಲ್ಲ, ನೋಡ್ರಿ ಮೇಡಂ" ಎಂದರು. ಏಳನೆಯ ಅಕ್ಷರ ಬೇಕಿತ್ತು. ಎಲ್ಲರೂ ಊಟಕ್ಕೆ ಹೋದ ಮೇಲೂ ಅವರು ನನ್ನೊಡನೆ ಕುಳಿತು, ಸಾಧನೆಯ ಯಾವ ಸಾಲಿನಲ್ಲಿ ನಾನು ಎರಡು ಬೇರೆ ಗಣಗಳನ್ನು ಒಂದೇ ಎಂದು ಭಾವಿಸಿದ್ದೆನೆಂಬುದನ್ನು ಹುಡುಕಿ ತೋರಿಸಿದರು. ಸಾರ್, ಅಂದು ನೀವು ಮೌನವಾಗಿ ಎದ್ದು ಹೋಗಿದ್ದರೆ ಆ ತಪ್ಪು ಅಚ್ಚಾಗಿ, ನನ್ನ ನಂತರ ಬರುವವರು ಅದರ ಮೇಲೆಯೇ ಮತ್ತಷ್ಟು ಕಟ್ಟುತ್ತಿದ್ದರು.

ನನ್ನ ಮಾರ್ಗದರ್ಶಕರು ವಿಷಯ ಕೇಳಿದೊಡನೆ, "ತಪ್ಪು ನಮ್ದು ಅಂತ ನಾವ ಮೊದಲ ಬರಿಯೂಣು" ಎಂದು ಹೇಳಿ, ಲೇಖನಗಳನ್ನು ಹಿಂಪಡೆಯುವ ಪತ್ರಕ್ಕೆ ನನ್ನ ಹೆಸರಿಗಿಂತ ಮೊದಲು ತಮ್ಮ ಸಹಿ ಹಾಕಿದರು. ಆಮೇಲಿನ ಎಂಟು ತಿಂಗಳು ನಾನು ಒಂದು ಸಾಲನ್ನೂ ಬರೆಯಲಿಲ್ಲ. ಆ ದಿನಗಳಲ್ಲಿ ನಮ್ಮ ಯಜಮಾನರು ಮತ್ತು ಅತ್ತೆಯವರು ಮನೆಯನ್ನೂ ಮಗನ ಓದನ್ನೂ ತಾವೇ ನೋಡಿಕೊಂಡರು, ಕೆಲಸ ಎಲ್ಲಿಗೆ ಬಂತೆಂದು ಒಮ್ಮೆಯೂ ಕೇಳಲಿಲ್ಲ. ನಮ್ಮ ಗ್ರಂಥಪಾಲಕರು ನಾನು ಕೇಳಿದ ಹಳೆಯ ಲೇಖನಗಳನ್ನು ಎಲ್ಲಿಂದೆಲ್ಲಿಂದಲೋ ತರಿಸಿಕೊಟ್ಟರು.

ಕುಟುಂಬಕ್ಕೆ ಇನ್ನೊಂದು ನಿಬಂಧನೆ ಸೇರಿಸಿದ ಮೇಲೆ ಪ್ರಮೇಯ ನಿಂತಿತು. ಅದು ನಾನು ಮೊದಲು ಹೇಳಿದ್ದಕ್ಕಿಂತ ಚಿಕ್ಕದು, ಆದರೆ ನಿಜವಾದದ್ದು. ಪ್ರಬಂಧದ ಮೂರನೆಯ ಅಧ್ಯಾಯವು ಆ ಆರು ವೃತ್ತಗಳ ಚಿತ್ರದಿಂದಲೇ ಆರಂಭವಾಗುತ್ತದೆ, ಏಕೆಂದರೆ ಹೊಸ ನಿಬಂಧನೆ ಏಕೆ ಬೇಕೆಂಬುದನ್ನು ಅದಕ್ಕಿಂತ ಚೆನ್ನಾಗಿ ಬೇರಾವುದೂ ಹೇಳಲಾರದು. ಶುಕ್ರವಾರ ಆ ಪ್ರಾಧ್ಯಾಪಕರು ಕೊನೆಯ ಸಾಲಿನಲ್ಲಿ ಕುಳಿತಿದ್ದರು. ಆ ಚಿತ್ರ ಪರದೆಯ ಮೇಲೆ ಬಂದಾಗ ನಾನು ಮಾತು ನಿಲ್ಲಿಸಿ ಅವರಿಗೆ ಕೈಮುಗಿದೆ.