ವಿಳಾಸವಿಲ್ಲದ ಕ್ರೀಮುಗಳ ಮಾರಾಟ ತಡೆಯಿರಿ

ಮಾನ್ಯ ಸಂಪಾದಕರೇ,

ಹುಬ್ಬಳ್ಳಿ-ಧಾರವಾಡದ ಕೆಲವು ಫ್ಯಾನ್ಸಿ ಸ್ಟೋರು ಹಾಗೂ ಬಳೆ ಅಂಗಡಿಗಳಲ್ಲಿ ವಾರದೊಳಗೆ ಮುಖ ಬಿಳುಪಾಗುವುದೆಂಬ ಭರವಸೆಯೊಡನೆ ಮಾರಾಟವಾಗುತ್ತಿರುವ ಹೊರದೇಶದ ಕ್ರೀಮುಗಳ ಕಡೆಗೆ ಔಷಧ ನಿಯಂತ್ರಣ ಅಧಿಕಾರಿಗಳ ಗಮನ ಸೆಳೆಯಲು ಈ ಪತ್ರ ಬರೆಯುತ್ತಿದ್ದೇನೆ. ನನ್ನ ತಂಗಿಯ ಮಗಳು ಕೊಂಡು ತಂದ ಡಬ್ಬಿಯ ಮುಚ್ಚಳದ ಮೇಲೆ ಹೊಂಬಣ್ಣದ ಅಕ್ಷರಗಳಿವೆ. ಆದರೆ ಆಮದುದಾರರ ವಿಳಾಸವಾಗಲಿ, ನೋಂದಣಿ ಸಂಖ್ಯೆಯಾಗಲಿ, ಒಳಗೆ ಏನೇನು ಬೆರೆಸಿದ್ದಾರೆ ಎಂಬ ವಿವರವಾಗಲಿ ಎಲ್ಲಿಯೂ ಇಲ್ಲ. ಬಳಕೆಯ ಅವಧಿ ಮುದ್ರಿಸಿರುವ ಜಾಗದ ಮೇಲೆಯೇ ಬೆಲೆಯ ಚೀಟಿ ಅಂಟಿಸಿದ್ದಾರೆ. 2020ರ ಸೌಂದರ್ಯವರ್ಧಕ ನಿಯಮಗಳ ಪ್ರಕಾರ ಇವೆಲ್ಲ ಗ್ರಾಹಕರಿಗೆ ಕಾಣುವಂತೆ ಇರಲೇಬೇಕು.

ಇಂಥ ಕ್ರೀಮುಗಳಲ್ಲಿ ಪಾದರಸ ಇರಬಹುದೆಂಬುದು ನನ್ನ ಮುಖ್ಯ ಆತಂಕ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಉತ್ಪತ್ತಿಯನ್ನು ಪಾದರಸ ತಡೆಯುವುದರಿಂದ ಮುಖವೇನೋ ಬೇಗ ಬಿಳುಪಾಗುತ್ತದೆ, ಆದರೆ ಅದು ಚರ್ಮದ ಮೂಲಕ ರಕ್ತ ಸೇರಿ ಮೂತ್ರಪಿಂಡಗಳನ್ನು ಕೆಡಿಸುತ್ತದೆ. ಕೇರಳದ ಕೋಟ್ಟಕ್ಕಲ್‌ನ ವೈದ್ಯರು 2021ರಿಂದ 2023ರ ನಡುವೆ ಒಂದು ಬಗೆಯ ಮೂತ್ರಪಿಂಡ ಕಾಯಿಲೆಯಿಂದ ಬಂದ 22 ರೋಗಿಗಳನ್ನು ಪರಿಶೀಲಿಸಿದಾಗ, ಅವರಲ್ಲಿ 13 ಮಂದಿ ಬಿಳುಪಿನ ಕ್ರೀಮು ಹಚ್ಚುತ್ತಿದ್ದುದು ತಿಳಿದುಬಂದಿತ್ತು.

ಔಷಧ ಅಂಗಡಿಗಳ ವಿಷಯವೂ ಇದಕ್ಕೆ ಹೊರತಲ್ಲ. ಮುಖ ಕೆಂಪಾದಾಗ ಇದೇ ಹುಡುಗಿಗೆ ಅಂಗಡಿಯೊಂದರಲ್ಲಿ ವೈದ್ಯರ ಚೀಟಿ ಕೇಳದೆ ಸ್ಟಿರಾಯ್ಡ್ ಮುಲಾಮು ಕೊಟ್ಟರು. ಹಚ್ಚಿದಷ್ಟು ದಿನ ತಂಪೆನಿಸಿ, ಬಿಟ್ಟೊಡನೆ ಉರಿ ಎಷ್ಟು ಹೆಚ್ಚಿತೆಂದರೆ ರೊಟ್ಟಿ ಬಡಿಯಲು ಒಲೆಯ ಮುಂದೆ ಕೂಡುವುದು ಆಕೆಗೆ ಸಾಧ್ಯವಾಗಲಿಲ್ಲ. ಕೆನ್ನೆಯ ಚರ್ಮ ತೆಳುವಾಗಿ ಸಣ್ಣ ರಕ್ತನಾಳಗಳು ಎದ್ದು ಕಾಣುತ್ತಿವೆ. ಚರ್ಮರೋಗ ತಜ್ಞರ ಚಿಕಿತ್ಸೆ ಇನ್ನೂ ನಡೆದಿದೆ. ಕೇಂದ್ರ ಸರ್ಕಾರ 2018ರಲ್ಲಿಯೇ ಹಚ್ಚುವ ಸ್ಟಿರಾಯ್ಡ್‌ಗಳಲ್ಲಿ 14 ಬಗೆಯವನ್ನು ಎಚ್ ಷೆಡ್ಯೂಲ್‌ಗೆ ಸೇರಿಸಿ, ಚೀಟಿಯಿಲ್ಲದೆ ಮಾರದಂತೆ ಮಾಡಿದೆ. ಹಾಗಿದ್ದರೂ ಮೊಡವೆಗೆ, ಬಂಗಿಗೆ, ಗಜಕರ್ಣಕ್ಕೆ ಎಲ್ಲಕ್ಕೂ ಇವನ್ನೇ ಕೊಡುವ ರೂಢಿ ನಿಂತಿಲ್ಲ.

ಹುಡುಗಿಯರನ್ನು ದೂರಿ ಫಲವಿಲ್ಲ. ಕನ್ಯೆ ನೋಡಲು ಬಂದವರು ಬಣ್ಣದ ಮಾತೆತ್ತುವವರೆಗೂ ಈ ಡಬ್ಬಿಗಳಿಗೆ ಗಿರಾಕಿಗಳು ಇದ್ದೇ ಇರುತ್ತಾರೆ. ಆದ್ದರಿಂದ ಅಧಿಕಾರಿಗಳು ಮದುವೆಯ ಹಂಗಾಮಿಗೆ ಮುನ್ನವೇ ಅಂಗಡಿಗಳಿಂದ ಮಾದರಿ ಸಂಗ್ರಹಿಸಿ ಪಾದರಸದ ಪರೀಕ್ಷೆ ಮಾಡಿಸಬೇಕು, ಫಲಿತಾಂಶವನ್ನು ಪತ್ರಿಕೆಗಳಲ್ಲಿ ಪ್ರಕಟಿಸಬೇಕು ಮತ್ತು ದೂರು ಕೊಡಬೇಕಾದ ಕಚೇರಿಯ ವಿಳಾಸ, ದೂರವಾಣಿ ಸಂಖ್ಯೆಗಳನ್ನು ಪ್ರತಿ ಔಷಧ ಅಂಗಡಿಯ ಮುಂದೆ ಕನ್ನಡದಲ್ಲಿ ಬರೆಸಬೇಕೆಂದು ಕೋರುತ್ತೇನೆ.

ಇತಿ,
ಓರ್ವ ಗೃಹಿಣಿ, ಧಾರವಾಡ