ಟೋಪಿಯ ಮೋಹವೂ ಕಲಾಕೌದಿಯ ಸಂಗ್ರಹವೂ

ಮಾನ್ಯ ಸಂಪಾದಕರೇ,

ಕಲಾಸಂಗ್ರಹ ಕುರಿತು ತಮ್ಮ ಸಾಪ್ತಾಹಿಕ ಪುರವಣಿಯಲ್ಲಿ ಪ್ರಕಟವಾದ ಲೇಖನವು, ಒಂದೇ ವಸ್ತುವಿನ ಕೃತಿಗಳನ್ನು ಹುಡುಕಿ ಕೂಡಿಡುವವರು ವಸ್ತುವನ್ನು ಮಾತ್ರ ನೋಡುತ್ತಾರೆ, ಕೆಲಸದ ಹದವನ್ನು ನೋಡುವುದಿಲ್ಲ ಎಂದಿದೆ. ಟೋಪಿಗಳ ಮೇಲಿನ ಮೋಹದಿಂದಲೇ ಟೋಪಿಯ ಚಿತ್ರವಿರುವ ಕಲಾಕೌದಿಗಳನ್ನು, ಅಂದರೆ ಹೊದೆಯಲು ಅಲ್ಲದೆ ಚಿತ್ರದಂತೆ ನೋಡಲೆಂದೇ ಹೊಲಿದ ಆರ್ಟ್ ಕ್ವಿಲ್ಟ್‌ಗಳನ್ನು, ಸಂಗ್ರಹಿಸುತ್ತಿರುವ ನನಗೆ ಈ ಮಾತು ಪೂರ್ತಿ ಒಪ್ಪಿಗೆಯಾಗಲಿಲ್ಲ. ಕೆಲವರ ಮಟ್ಟಿಗೆ ಅದು ನಿಜವಿರಬಹುದು. ಟೋಪಿಯ ಸಂಗತಿಯಲ್ಲಿ ಮಾತ್ರ ವಸ್ತುವೇ ನಮ್ಮನ್ನು ಹೊಲಿಗೆಯ ಬಳಿಗೆ ಎಳೆದೊಯ್ಯುತ್ತದೆ.

ಫೆಲ್ಟ್ ಟೋಪಿಗೆ ಆಕಾರ ಬರುವುದು ಫೆಲ್ಟನ್ನು, ಅಂದರೆ ನೇಯದೆ ಉಣ್ಣೆಯನ್ನು ಒತ್ತಿ ಮಾಡಿದ ಬಟ್ಟೆಯನ್ನು, ಹಬೆಯಲ್ಲಿ ಮೆದುಗೊಳಿಸಿ ಮರದ ಅಚ್ಚಿನ ಮೇಲೆ ಎಳೆದು ಕೂರಿಸುವುದರಿಂದ. ಕೌದಿಯಾದರೋ ಮೇಲ್ಬಟ್ಟೆ, ನಡುವಿನ ಹತ್ತಿಯ ಪದರ ಮತ್ತು ಅಡಿಬಟ್ಟೆಗಳನ್ನು ಒಟ್ಟಾಗಿ ಹೊಲಿದ ಚಪ್ಪಟೆ ವಸ್ತು. ಹೊಲಿಗೆ ದಟ್ಟವಾದಲ್ಲಿ ಹತ್ತಿ ಅಮುಕಿ ತಗ್ಗಾಗುತ್ತದೆ, ವಿರಳವಾದಲ್ಲಿ ಉಬ್ಬುತ್ತದೆ. ನನ್ನಲ್ಲಿರುವ ಒಂದು ಕೌದಿಯಲ್ಲಿ ಟೋಪಿಯ ನೆತ್ತಿಯ ಭಾಗಕ್ಕೆ ಬಹುತೇಕ ಹೊಲಿಗೆಯೇ ಬಿದ್ದಿಲ್ಲ. ಅಂಚಿನ ಕೆಳಗೆ, ಹಣೆಯ ಮೇಲೆ ನೆರಳು ಬೀಳಬೇಕಾದ ಜಾಗದಲ್ಲಿ, ಕಡುನೀಲಿ ದಾರದ ಗೀಟುಗಳು ಒತ್ತೊತ್ತಾಗಿವೆ. ದೂರ ನಿಂತರೆ ಅಂಚು ಮುಂದಕ್ಕೆ ಚಾಚಿದಂತೆ ಕಾಣುತ್ತದೆ, ಹತ್ತಿರ ಹೋದರೆ ಬರೀ ದಾರ. ಇಂಥದ್ದನ್ನು ಒಮ್ಮೆ ಕಂಡವರು ಟೋಪಿ ಇದೆಯೆಂಬ ಒಂದೇ ಕಾರಣಕ್ಕೆ ಮತ್ತೊಂದನ್ನು ಕೊಳ್ಳಲಾರರು.

1971ರಲ್ಲಿ ನ್ಯೂಯಾರ್ಕಿನ ವಿಟ್ನಿ ವಸ್ತುಸಂಗ್ರಹಾಲಯವು ಅಮೆರಿಕದ ಕೌದಿಗಳನ್ನು ಗೋಡೆಗೇರಿಸಿ ಪ್ರದರ್ಶಿಸಿದಾಗ ಅವುಗಳಿಗೆ ಕಲಾಕೃತಿಯ ಗೌರವ ದೊರೆಯಿತು. ಆದರೆ ಆ ಪ್ರದರ್ಶನ ಎತ್ತಿಹಿಡಿದದ್ದು ಅಮೂರ್ತ ವಿನ್ಯಾಸವನ್ನು. ಟೋಪಿ, ಕುರ್ಚಿ, ಕೆಟಲಿನಂಥ ಗುರುತಿಸಬಲ್ಲ ವಸ್ತುಗಳಿರುವ ಕೌದಿಗಳನ್ನು ಇಂದಿಗೂ ಅಲಂಕಾರವೆಂದು ಬದಿಗಿಡುವ ಚಾಳಿ ಅಲ್ಲಿಂದಲೇ ಬಲಗೊಂಡಿರಬೇಕೆಂಬುದು ನನ್ನ ಗುಮಾನಿ.

ವಾಸ್ತವದಲ್ಲಿ ಕೌದಿಗೂ ಟೋಪಿಗೂ ಹಳೆಯ ನಂಟಿದೆ. ಬಿಸಿಲು ತಡೆಯುವ ಅಗಲ ಅಂಚಿನ ಬಟ್ಟೆಯ ಟೋಪಿಯಾದ ದೊಡ್ಡ ಬಾನೆಟ್ಟಿನಲ್ಲಿ ಮುಖವೇ ಕಾಣದ 'ಸನ್‌ಬಾನೆಟ್ ಸೂ' ಎಂಬ ಹುಡುಗಿಯ ಆಕೃತಿ ಕಳೆದ ಶತಮಾನದ ಮೊದಲರ್ಧದಲ್ಲಿ ಅಮೆರಿಕದ ಅಸಂಖ್ಯ ಕೌದಿಗಳನ್ನು ತುಂಬಿತು. ಬಟ್ಟೆಯಲ್ಲಿ ಮುಖ ಮೂಡಿಸುವ ಕಷ್ಟವನ್ನು ಟೋಪಿ ತಪ್ಪಿಸುತ್ತಿತ್ತಲ್ಲ! ಆ ಮುದ್ದುತನಕ್ಕೆ ಬೇಸತ್ತ ಕ್ಯಾನ್ಸಸ್‌ನ ಕೆಲವು ಮಹಿಳೆಯರು 1979ರಲ್ಲಿ ಆಕೆ ಬಗೆಬಗೆಯಾಗಿ ಸಾಯುವ ದೃಶ್ಯಗಳ ಕೌದಿಯನ್ನೇ ಹೊಲಿದರು. ಇತ್ತೀಚಿನವರಲ್ಲಿ ಅಮೆರಿಕದ ಕೌದಿ ಕಲಾವಿದೆ ಬೀಸಾ ಬಟ್ಲರ್ ಅವರು 1941ರ ಶಿಕಾಗೋದ ಒಂದು ಕಪ್ಪುಬಿಳುಪು ಛಾಯಾಚಿತ್ರವನ್ನು ಆಧರಿಸಿ, ಸೂಟು ಟೋಪಿ ತೊಟ್ಟ ಹುಡುಗರನ್ನು ಉಜ್ವಲ ಬಣ್ಣದ ಬಟ್ಟೆಗಳಲ್ಲಿ ರೂಪಿಸಿದ್ದಾರೆ. ಛಾಯಾಚಿತ್ರದಲ್ಲಿ ಇಲ್ಲದ ಆ ಬಣ್ಣಗಳೆಲ್ಲ ಕಲಾವಿದೆಯದೇ ಆಯ್ಕೆ.

ಇಂಥ ಕೃತಿಗಳ ಸಂರಕ್ಷಣೆಯ ಬಗ್ಗೆ ಲೇಖನದಲ್ಲಿ ಒಂದು ಮಾತೂ ಇಲ್ಲ. ಬೆಳಕಿನಿಂದ ಬಣ್ಣ ಮಾಸುವುದರಿಂದ ವಸ್ತುಸಂಗ್ರಹಾಲಯಗಳು ಬಟ್ಟೆಯ ಕೃತಿಗಳ ಮೇಲೆ ಸುಮಾರು 50 ಲಕ್ಸ್‌ಗಿಂತ (ಲಕ್ಸ್ ಎಂದರೆ ಬೆಳಕಿನ ತೀವ್ರತೆಯ ಅಳತೆ) ಹೆಚ್ಚು ಬೆಳಕು ಬೀಳದಂತೆ ನೋಡಿಕೊಳ್ಳುತ್ತವೆ. ಸಾಮಾನ್ಯ ಕೌದಿಯನ್ನು ಮಡಚುವ ಬದಲು ಆಮ್ಲರಹಿತ ಕಾಗದದೊಂದಿಗೆ ಕೊಳವೆಗೆ ಸುತ್ತಿಡುವುದು ಲೇಸು. ಟೋಪಿಯ ಕೌದಿಗಳಲ್ಲಿ ನಿಜವಾದ ಗರಿ, ಜಾಲರಿ, ಗುಂಡಿಗಳನ್ನು ಹೊಲಿಯುವುದುಂಟು. ಅವು ನಜ್ಜುಗುಜ್ಜಾಗದಿರಲು ಅಂಥವನ್ನು ಚಪ್ಪಟೆಯಾಗಿ ಹಾಸಿಯೇ ಇಡಬೇಕು, ಗರಿಗೆ ನುಸಿ ಹುಳು ತಗಲದಂತೆ ಆಗಾಗ ತೆರೆದು ನೋಡಬೇಕು.

ಲೇಖನದೊಂದಿಗೆ ಅಚ್ಚಾದ ಚಿತ್ರಗಳಲ್ಲಿ ಹೊಲಿಗೆ ಎಲ್ಲಿಯೂ ಕಾಣುವುದಿಲ್ಲ, ಹೊಲಿದವರ ಹೆಸರೂ ಇಲ್ಲ. ಮುಂದೆ ಬಟ್ಟೆಯ ಕಲಾಕೃತಿಗಳ ಕುರಿತು ಬರೆಸುವಾಗ, ಕಲಾವಿದರ ಹೆಸರು ಮತ್ತು ಕೃತಿಯ ಅಳತೆಯೊಂದಿಗೆ, ಬದಿಯಿಂದ ಬೆಳಕು ಬಿಟ್ಟು ತೆಗೆದ ಒಂದು ಸಮೀಪದ ಚಿತ್ರವನ್ನಾದರೂ ಪ್ರಕಟಿಸಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಕೌದಿ ಸಂಗ್ರಾಹಕಿ