ಸುಲ್ತಾನ್‌ಪೇಟೆಯಲ್ಲಿ ಇಳಿಸಿದ ‘ಸೂರ್ಯೋದಯ ಪ್ಯಾಕೇಜ್’: ಹಣ ವಾಪಸ್ ಕೋರಿ ದೂರು

ಗೆ,
ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗ,
ಬೆಂಗಳೂರು ಕಚೇರಿ

ವಿಷಯ: ನಂದಿ ಬೆಟ್ಟ–ಸ್ಕಂದಗಿರಿ ಒಂದು ದಿನದ ಪ್ರವಾಸದಲ್ಲಿ ಸೇವಾ ಲೋಪ

ಮಾನ್ಯರೇ,

ಧಾರವಾಡದಿಂದ ಬಂದು ಯಲಹಂಕದ ಮಗಳ ಮನೆಯಲ್ಲಿದ್ದ ನನ್ನ ಸೋದರಮಾವ, ಅತ್ತೆ ಮತ್ತು ಅವರ ಮೊಮ್ಮಕ್ಕಳಿಗಾಗಿ ಕಳೆದ ಭಾನುವಾರಕ್ಕೆ ನಿಮ್ಮ ‘ಸೂರ್ಯೋದಯ ಪ್ಯಾಕೇಜ್’ ಬುಕ್ ಮಾಡಿ, 6,800 ರೂಪಾಯಿಯನ್ನು ಮುಂಗಡವಾಗಿಯೇ ಕಟ್ಟಿದ್ದೆ. ನಾನಿರುವುದು ಚಿಕ್ಕಬಳ್ಳಾಪುರದಲ್ಲಿ. ಹಾಗಾಗಿ ಬೆಟ್ಟದ ಮೇಲೆಯೇ ಸೇರಿಕೊಳ್ಳುತ್ತೇನೆಂದು ಹೇಳಿ ಬೈಕಿನಲ್ಲಿ ಮುಂಚೆಯೇ ಹತ್ತಿ ಕಾಯುತ್ತಿದ್ದೆ.

ನಾಲ್ಕು ಗಂಟೆಗೆ ಬರಬೇಕಿದ್ದ ಕಾರು ಐದು ದಾಟಿದ ಮೇಲೆ ಬಂತು. ಅದನ್ನೂ ಬಿಡಿ. ಮಂಜು ಮುಸುಕಿದ್ದರೆ ಹೇಗೂ ಸೂರ್ಯ ಕಾಣುವುದಿಲ್ಲ, ಅದಕ್ಕೆಲ್ಲ ನಿಮ್ಮ ಮೇಲೆ ದೂರು ಹೇಳುವವನು ನಾನಲ್ಲ. ಆದರೆ ಬೆಳಕು ಹರಿದ ಮೇಲೆ ಮಾವನಿಂದ ಫೋನ್ ಬಂತು: “ಏನಪ್ಪಾ, ಇಲ್ಲಿ ಬರೀ ಮೆಟ್ಟಿಲದಾವ, ರಸ್ತೆ ಎಲ್ಲೈತಿ?”

ನಿಮ್ಮ ಚಾಲಕ ಅವರನ್ನು ಇಳಿಸಿದ್ದು ಬೆಟ್ಟದ ಬುಡದ ಸುಲ್ತಾನ್‌ಪೇಟೆಯಲ್ಲಿ. ಅಲ್ಲಿಂದ ಬೆಟ್ಟಕ್ಕೆ ಇರುವುದು ಹಳೇ ಕಾಲದ ಕಲ್ಲಿನ ದಾರಿ, ಸಾವಿರಕ್ಕೂ ಹೆಚ್ಚು ಮೆಟ್ಟಿಲು. ರೈಲಿನಲ್ಲಿ ನಂದಿ ಹಾಲ್ಟ್‌ಗೆ ಬಂದು ಕಾಲ್ನಡಿಗೆಯಲ್ಲಿ ಹತ್ತುವ ಹುಡುಗರಿಗೆ ಅದು ಸರಿಯಾದ ಜಾಗ. ಮಂಡಿ ಆಪರೇಷನ್ ಆಗಿ ಊರುಗೋಲು ಹಿಡಿದಿರುವ ಎಪ್ಪತ್ತು ದಾಟಿದವರಿಗಲ್ಲ. ಚಾಲಕನಿಗೆ ಫೋನ್ ಕೊಡಿಸಿದೆ. “ಸರ್, ಲೊಕೇಶನ್ ಇಲ್ಲೇ ತೋರಿಸ್ತಿದೆ. ಟ್ರಿಪ್ ಕ್ಲೋಸ್ ಮಾಡ್ಲಾ?” ಎಂದ. ಪಾಪ, ಹೊಸ ಹುಡುಗ, ಈ ಕಡೆ ಬಂದವನೇ ಅಲ್ಲವಂತೆ. ಅವನ ಮೇಲೆ ನನ್ನ ದೂರಿಲ್ಲ, ಅವನಿಗೆ ದಂಡ ಹಾಕಲೂಬೇಡಿ. ಆ ಲೊಕೇಶನ್ ಹಾಕಿದ್ದು ನಿಮ್ಮ ಕಚೇರಿ. “ಗ್ರಾಹಕರೇ ಖಚಿತಪಡಿಸಿಕೊಳ್ಳಬೇಕಿತ್ತು” ಎಂದು ನಿಮ್ಮ ಸಹಾಯವಾಣಿಯವರು ಹೇಳಿದರು. ನಿಮ್ಮ ಆ್ಯಪಿನಲ್ಲಿ ಅದನ್ನು ಬದಲಿಸುವ ಅವಕಾಶವಾದರೂ ಎಲ್ಲಿದೆ?

ನಾನು ಫೋನಿನಲ್ಲೇ ದಾರಿ ಹೇಳಿ ಕಾರನ್ನು ಗಾಡಿ ರಸ್ತೆಗೆ ತಿರುಗಿಸಿದೆ. ಭಾನುವಾರ ಅಲ್ಲಿ ಏನಿರುತ್ತದೆಂದು ಈ ಸೀಮೆಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ವಾಹನ ಹತ್ತಲು ಇರುವುದು ಅದೊಂದೇ ರಸ್ತೆ. 2021ರ ಆಗಸ್ಟ್‌ನಲ್ಲಿ ಗುಡ್ಡ ಜರಿದು ಆ ರಸ್ತೆ ಕಿತ್ತುಹೋದಾಗ ತಿಂಗಳುಗಟ್ಟಲೆ ಬೆಟ್ಟವೇ ಬಂದ್ ಆಗಿತ್ತು. ಬೆಳಗಿನ ಜಾವ ಬಂದವರು ಮೇಲೆ ಹೋಗುತ್ತಾರೆ, ತಡವಾದವರು ಕೆಳಗೆ ಸಾಲಿನಲ್ಲಿ ನಿಲ್ಲುತ್ತಾರೆ. ನಿಮ್ಮ ಸೂರ್ಯೋದಯದ ಗಿರಾಕಿಗಳು 1,478 ಮೀಟರ್ ಎತ್ತರ ತಲುಪುವ ಹೊತ್ತಿಗೆ ಟಿಪ್ಪು ಡ್ರಾಪ್ ಎಂಬ ಕಡಿದಾದ ಬಂಡೆಯ ಬಳಿ ಜನ ಬಿಸಿಲಿಗೆ ಟೋಪಿ ಹಾಕಿಕೊಂಡು ಚುರುಮುರಿ ತಿನ್ನುತ್ತಿದ್ದರು. ಆ ಸಾಲಿನಲ್ಲಿ ನಿಂತದ್ದಕ್ಕೆ ‘ವೇಟಿಂಗ್ ಚಾರ್ಜ್’ ಎಂದು 950 ರೂಪಾಯಿ ಬೇರೆ ವಸೂಲಿ ಮಾಡಿದ್ದೀರಿ!

ಸ್ಕಂದಗಿರಿಯದು ಇನ್ನೊಂದು ಕಥೆ. ಪ್ಯಾಕೇಜಿನಲ್ಲಿ ‘ಚಾರಣ ಶುಲ್ಕ ಸೇರಿದೆ’ ಎಂದು 1,200 ರೂಪಾಯಿ ಪ್ರತ್ಯೇಕವಾಗಿ ತೋರಿಸಿದ್ದೀರಿ. ಅಲ್ಲಿ ಹತ್ತಲು ಮುಂಗಡವಾಗಿ ಆನ್‌ಲೈನ್ ಟಿಕೆಟ್ ಮಾಡಿಸಬೇಕು. ನೀವು ಮಾಡಿಸಿರಲೇ ಇಲ್ಲ. ಶೂ ಕಟ್ಟಿಕೊಂಡು ಸ್ಕಂದಗಿರಿ ಬುಡದ ಕಳವಾರಕ್ಕೆ ಹೋದ ಹುಡುಗರನ್ನು ಪಾಪಾಗ್ನಿ ಮಠದ ಹತ್ತಿರದಿಂದಲೇ ವಾಪಸ್ ಕಳಿಸಿದರು.

ಕೊನೆಗೆ ಭೋಗನಂದೀಶ್ವರ. ನಿಮ್ಮ ವಿವರಪಟ್ಟಿಯಲ್ಲಿ ಅದು ‘ಬೆಟ್ಟದ ಮೇಲಿನ ದೇವಾಲಯ’. ಮೇಲಿರುವುದು ಯೋಗನಂದೀಶ್ವರ ಸ್ವಾಮಿ, ಭೋಗನಂದೀಶ್ವರ ಕೆಳಗೆ ನಂದಿ ಗ್ರಾಮದಲ್ಲಿ. ನಿಮ್ಮ ಪಟ್ಟಿಯನ್ನೇ ನಂಬಿದ್ದ ಅತ್ತೆ ಮೇಲಿನ ಗುಡಿಯಲ್ಲಿ ಕಲ್ಯಾಣಿ ಎಲ್ಲಿ ಎಂದು ಹುಡುಕಿದರು. ಕೆಳಗಿನ ಗುಡಿಗೆ ಹೋದಾಗ ‘ಇಪ್ಪತ್ತೇ ನಿಮಿಷ’ ಎಂದು ಚಾಲಕ ಹಾರ್ನ್ ಹೊಡೆದ, ನಿಮ್ಮ ವೇಳಾಪಟ್ಟಿ ಹಾಗಿದೆಯಂತೆ. ಅರುಣಾಚಲೇಶ್ವರ, ಭೋಗನಂದೀಶ್ವರ, ನಡುವೆ ಉಮಾಮಹೇಶ್ವರ, ಆಚೆಗೆ ಅಷ್ಟು ದೊಡ್ಡ ಕಲ್ಯಾಣಿ. ಕಲ್ಯಾಣ ಮಂಟಪದ ಕಂಬಗಳ ಕೆತ್ತನೆ ನೋಡುವುದಕ್ಕೇ ಇಪ್ಪತ್ತು ನಿಮಿಷ ಸಾಲದು.

ನನ್ನ ಬೇಡಿಕೆ ಇಷ್ಟೆ. ಸ್ಕಂದಗಿರಿಯ 1,200, ವೇಟಿಂಗ್‌ನ 950, ಉಳಿದ ಪ್ಯಾಕೇಜ್ ಮೊತ್ತದಲ್ಲಿ ಅರ್ಧ, ಇಷ್ಟನ್ನು 15 ದಿನದೊಳಗೆ ನನ್ನ ಖಾತೆಗೆ ಹಾಕಿ. ಸುಲ್ತಾನ್‌ಪೇಟೆಯ ಪಿನ್ ತೆಗೆದು ಗಾಡಿ ರಸ್ತೆಯ ಗೇಟಿಗೆ ಹಾಕಿ, ಅದನ್ನು ಇವತ್ತೇ ಮಾಡಿ, ಇಲ್ಲವಾದರೆ ಮುಂದಿನ ಭಾನುವಾರವೂ ಯಾರದೋ ಅಜ್ಜ ಅಲ್ಲಿ ಇಳಿಯುತ್ತಾರೆ. ಕೂಪನ್, ‘ಮುಂದಿನ ಟ್ರಿಪ್‌ಗೆ ರಿಯಾಯಿತಿ’ ಇವೆಲ್ಲ ನನಗೆ ಬೇಡ.

ಉತ್ತರ ಬಾರದಿದ್ದರೆ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡುತ್ತೇನೆ, ಆಮೇಲೆ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೂರುದಾರ ತಾನು ವಾಸವಿರುವ ಕಡೆಯೇ ದೂರು ಸಲ್ಲಿಸಬಹುದು. ಹಾಗಾಗಿ ನಾನು ಬೆಂಗಳೂರಿಗೆ ಅಲೆಯುವುದಿಲ್ಲ, ನೀವೇ ಚಿಕ್ಕಬಳ್ಳಾಪುರಕ್ಕೆ ಬರಬೇಕಾಗುತ್ತದೆ.

ರಸೀದಿ, ಸುಲ್ತಾನ್‌ಪೇಟೆಯ ಪಿನ್ ಕಾಣುವ ಸ್ಕ್ರೀನ್‌ಶಾಟ್ ಮತ್ತು ನಿಮ್ಮ ವಿವರಪಟ್ಟಿಯ ಪ್ರತಿ ಲಗತ್ತಿಸಿದ್ದೇನೆ.

ಇತಿ,
ನಿಮ್ಮ ಗ್ರಾಹಕ
ಚಿಕ್ಕಬಳ್ಳಾಪುರ